ಸೋಫಾದಿಂದ ಕಾಣುವ ಗೋಡೆ

ಕೋಣೆ ಮೇಷ್ಟ್ರು ಈವರೆಗೆ ಕಟ್ಟಿದ ಕೋಣೆಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದರಲ್ಲೂ ಯಾರೂ ಸಂಸಾರ ಮಾಡಿಲ್ಲ.

ಪೇಟೆಯ ದೊಡ್ಡ ರಸ್ತೆಯಲ್ಲಿರುವ ಪೀಠೋಪಕರಣಗಳ ಮಳಿಗೆಯ ಮೇಲಿನ ಮಹಡಿಯಲ್ಲಿ ಅವರ ಕೆಲಸ. ಮಲಗುವ ಕೋಣೆ, ಅಡುಗೆಮನೆ, ಮಕ್ಕಳು ಓದುವ ಕೋಣೆ, ಹಾಲ್ ಎಂದು ಸಾಲಾಗಿ ಕಟ್ಟಿ ನಿಲ್ಲಿಸುತ್ತಾರೆ. ಗಿರಾಕಿಗಳು ನಡುವಿನ ಓಣಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ತಿರುಗಿಸುತ್ತ ನಡೆಯುತ್ತಾರೆ. ಮನಸ್ಸಿಗೆ ಬಂದರೆ ಒಳಗೆ ಕಾಲಿಟ್ಟು ಹಾಸಿಗೆ ಒತ್ತಿ ನೋಡುತ್ತಾರೆ, ಅಲಮಾರಿನ ಬಾಗಿಲು ಎಳೆಯುತ್ತಾರೆ. ಕೆಲವು ತಿಂಗಳಿಗೊಮ್ಮೆ ಹೊಸ ಮಾಲು ಬರುತ್ತದೆ. ಆಗ ಮೇಷ್ಟ್ರು ತಾವೇ ಕಟ್ಟಿದ್ದನ್ನು ತಾವೇ ಬಿಚ್ಚಿ ಮತ್ತೊಂದನ್ನು ಕಟ್ಟುತ್ತಾರೆ.

ಮೇಷ್ಟ್ರು ಎನ್ನುವುದು ಮಳಿಗೆಯವರು ಇಟ್ಟ ಹೆಸರು. ಅವರು ಯಾರಿಗೂ ಪಾಠ ಹೇಳಿದವರಲ್ಲ. ದಿಂಬು ಒಂದು ಬೆರಳಿನಷ್ಟು ಆಚೀಚೆ ಆದರೂ ಹೋಗಿ ಸರಿಪಡಿಸಿ, ಹಿಂದಕ್ಕೆ ನಡೆದು, ಒಂದು ಕಣ್ಣು ಮುಚ್ಚಿ ಮತ್ತೆ ನೋಡುವ ಅವರ ರೀತಿಗೆ ಅಂಟಿದ ಹೆಸರು ಅದು.

ಅವರ ಕೋಣೆಗಳಿಗೆ ಮೂರೇ ಗೋಡೆ. ನಾಲ್ಕನೆಯದರ ಜಾಗದಲ್ಲಿ ಗಿರಾಕಿ ನಿಂತಿರುತ್ತಾನೆ. ಹಾಗಾಗಿ ಅಲ್ಲಿ ಇರುವುದೆಲ್ಲ ಗಿರಾಕಿಯ ಕಡೆಗೇ ಮುಖ ಮಾಡಿರುತ್ತದೆ. ಕಪಾಟಿನ ಪುಸ್ತಕಗಳಿಗೆ ಬೆನ್ನು ಮಾತ್ರ ಇದೆ, ಹಾಳೆಗಳಿಲ್ಲ. ಕಿಟಕಿಯಾಚೆ ಕಾಣುವ ಮರ ಒಂದು ಚಿತ್ರ, ಅದರ ಹಿಂದೆ ಟ್ಯೂಬ್‌ಲೈಟು. ನಲ್ಲಿಗಳು ಫಳಫಳ ಹೊಳೆಯುತ್ತವೆ, ಒಳಗೆ ಪೈಪಿಲ್ಲ. ಒಮ್ಮೆ ಹಿರಿಯರೊಬ್ಬರು ಪ್ರದರ್ಶನದ ಬಾತ್‌ರೂಮಿನ ಬೇಸಿನ್ ಮುಂದೆ ನಿಂತು ನಲ್ಲಿಯನ್ನು ಆ ಕಡೆ ಈ ಕಡೆ ತಿರುಗಿಸಿ, "ನೀರು ಎಷ್ಟು ಹೊತ್ತಿಗೆ ಬಿಡ್ತೀರಪ್ಪಾ?" ಎಂದು ಕೇಳಿದ್ದರು. ಮೇಷ್ಟ್ರು ನಗದೆ, "ನಿಮ್ಮ ಮನೆಗೆ ತಗೊಂಡು ಹೋದ ತಕ್ಷಣ" ಎಂದಿದ್ದರು. ಬೇಸಿನ್ ಮಾರಾಟವಾಯಿತು.

ಸೋಫಾಗಳ ವಿಷಯವೂ ಹೀಗೆಯೇ. ಮುಂದೆ ಒಳ್ಳೆಯ ಬಟ್ಟೆ, ಬೆನ್ನಿಗೆ ಅಗ್ಗದ ಕಪ್ಪು ಬಟ್ಟೆ. ಬೆನ್ನು ಗೋಡೆಗೆ ಒರಗಿರುತ್ತದಲ್ಲ, ಯಾರು ನೋಡಬೇಕು ಎನ್ನುವುದು ಮಾಲೀಕರ ಮಾತು.

ಕೆಲಸ ಶುರುಮಾಡುವ ಮೊದಲು ಮೇಷ್ಟ್ರು ಓಣಿಯ ಅಂಚಿನಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುತ್ತಾರೆ. ಗಿರಾಕಿಯ ಪಾದ ಬಂದು ನಿಲ್ಲುವ ಜಾಗ ಅದು. ದೀಪದ ಎತ್ತರ, ಪರದೆಯ ಮಡಿಕೆ, ಮೇಜಿನ ಮೇಲಿನ ಹೂದಾನಿ, ಪ್ರತಿಯೊಂದನ್ನೂ ಆ ಗೆರೆಯ ಮೇಲೆ ನಿಂತೇ ತೀರ್ಮಾನಿಸುತ್ತಾರೆ. ಗೆರೆಯಿಂದ ಕಾಣದಿರುವುದಕ್ಕೆ ಬಣ್ಣ ಹಚ್ಚುವುದಿಲ್ಲ. ಇದನ್ನು ಅವರು ಮೋಸ ಎಂದುಕೊಂಡಿಲ್ಲ. ಕೆಲಸ ಇರುವುದೇ ಹಾಗೆ.

ಅವರ ಸ್ವಂತ ಮನೆ ಮಳಿಗೆಯಿಂದ ನಡೆದುಹೋಗುವಷ್ಟು ದೂರದಲ್ಲಿದೆ. ಅಂಕುಡೊಂಕಾದ ಒಂದು ಬೀದಿಯ ನಡುವೆ, ನೆಲಮಹಡಿ. ಬಾಗಿಲು ತೆಗೆದರೆ ಉದ್ದನೆಯ, ಅಗಲ ಕಡಿಮೆಯ ಒಂದು ಕೋಣೆ. ಒಳತುದಿಯ ಪಕ್ಕದ ಗೋಡೆಯಲ್ಲಿ, ಬೀದಿಯ ತಿರುವಿಗೆ ಮುಖಮಾಡಿ ಅದಕ್ಕೊಂದು ಕಿಟಕಿ. ಅದನ್ನು ದಾಟಿದರೆ ಅಡುಗೆಮನೆ, ಅದರಾಚೆ ಸಣ್ಣ ಹಿತ್ತಿಲು. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಸೇರಿ ಕೊಂಡ ಮನೆ. ಮೇಷ್ಟ್ರಿಗೆ ಅದರ ಮೇಲೆ ಜೀವ. ಕಾರಣ ಕೇಳಿದರೆ ಒಂದೇ ಮಾತು ಹೇಳುತ್ತಾರೆ: "ನನ್ನ ಕೋಣೆಗಳಲ್ಲಿ ಬಿಚ್ಚಬೇಕಾಗಿಲ್ಲದ್ದು ಇದೊಂದೇ."

ಹೆಂಡತಿ ಮಾರುಕಟ್ಟೆಯ ಪಕ್ಕದಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾರೆ. ಕೂದಲು ಕತ್ತರಿಸುವುದರಲ್ಲಿ ಒಳ್ಳೆಯ ಹೆಸರು. ಬೆಳಿಗ್ಗೆ ಶಟರ್ ಎತ್ತಿದ ಮೇಲೆ ಅವರಿಗೆ ಕುಳಿತುಕೊಳ್ಳುವ ಅವಕಾಶವಿಲ್ಲ. ಕೂರುವವರು ಬೇರೆಯವರು, ನಿಲ್ಲುವವರು ಇವರು. ಸಂಜೆ ಮನೆಗೆ ಬಂದರೆ ಚಪ್ಪಲಿ ಬಿಟ್ಟು, ನೇರವಾಗಿ ಮುಂದಿನ ಕೋಣೆ ದಾಟಿ, ಅಡುಗೆಮನೆಯ ಬಾಗಿಲಲ್ಲಿರುವ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಚೌಕಟ್ಟಿಗೆ ಬೆನ್ನು ಕೊಟ್ಟು ಕಾಲು ಚಾಚುತ್ತಿದ್ದರು. ವರ್ಷಗಳಿಂದ ಹಾಗೆಯೇ ನಡೆದಿತ್ತು. ಒಳಗೆ ಹೋಗುವವರು ಅವರ ಕಾಲು ದಾಟಿಕೊಂಡು ಹೋಗಬೇಕಿತ್ತು.

"ಅಮ್ಮಾ, ಟೋಲ್ ಗೇಟ್ ಎತ್ತು," ಎನ್ನುತ್ತಿದ್ದಳು ಕಾಲೇಜಿನಿಂದ ಬಂದ ಮಗಳು.

"ದಾಟಿಕೊಂಡು ಹೋಗೇ. ಹೊತ್ತುಕೊಂಡು ಹೋಗು ಅಂದಿಲ್ವಲ್ಲ ನಾನು."

ಈ ಬೇಸಿಗೆಯ ಆರಂಭದಲ್ಲಿ ಹೆಂಡತಿಯ ತಮ್ಮ ಒಂದು ಸುದ್ದಿ ತಂದ. ಅವನಿರುವುದು ಊರಿನ ಹೊಸ ಭಾಗದ ಅಪಾರ್ಟ್‌ಮೆಂಟಿನಲ್ಲಿ. ಅವನ ಎದುರು ಬಾಗಿಲಿನ ಫ್ಲ್ಯಾಟ್ ಮಾರಾಟಕ್ಕಿತ್ತು. ಅದರ ಯಜಮಾನರು ಮಗನ ಮನೆಗೆ ಹೋಗಿದ್ದವರು ಬೇಸಿಗೆ ಮುಗಿಯುವಾಗ ಬರುತ್ತಾರೆ, ಅಲ್ಲಿಯವರೆಗೆ ಬೇರೆಯವರಿಗೆ ಮಾತು ಕೊಡುವುದಿಲ್ಲ ಎಂದಿದ್ದರು.

"ಅಕ್ಕಾ, ಬಾಲ್ಕನಿ ಎಷ್ಟು ದೊಡ್ಡದು ಗೊತ್ತಾ? ಗಾಳಿ ಅಂದ್ರೆ ಗಾಳಿ. ಒಂದು ಕುರ್ಚಿ ಹಾಕ್ಕೊಂಡು ಕೂತ್ರೆ ಏಳೋ ಮನಸ್ಸೇ ಬರಲ್ಲ," ಎಂದ ತಮ್ಮ.

ಕೂರುವ ಮಾತು ಆಕೆಯ ಕಿವಿಗೆ ಬಿತ್ತು. ಅಂದು ಊಟವಾದ ಮೇಲೆ ಗಂಡನಿಗೆ ಹೇಳಿದರು: "ಈ ಮನೇಲಿ ನನಗೆ ಅಂತ ಕೂರೋಕೆ ಒಂದು ಜಾಗ ಇಲ್ಲ ರೀ. ಜಗಳಕ್ಕೆ ಹೇಳ್ತಿಲ್ಲ. ಇರೋದು ಹೇಳ್ದೆ."

ಮೇಷ್ಟ್ರು ತಟ್ಟೆ ಎತ್ತಿ ಪಕ್ಕಕ್ಕಿಟ್ಟರು. ಊರಿನವರ ಹಾಲ್‌ಗಳನ್ನೆಲ್ಲ ಚಂದ ಮಾಡುವ ತಾನು ಮನೆಯ ಹಾಲ್ ಕಡೆ ತಿರುಗಿಯೂ ನೋಡಿರಲಿಲ್ಲ ಎಂಬುದು ಆಗ ಅವರಿಗೆ ಹೊಳೆಯಿತು.

"ಮುಂದಿನ ಕೋಣೆ ನನಗೆ ಬಿಡು. ಸರಿಮಾಡಿ ಕೊಡ್ತೀನಿ," ಎಂದರು. "ಆಮೇಲೂ ನಿನಗೆ ಅಲ್ಲಿ ಕೂರ್ಬೇಕು ಅನ್ಸದಿದ್ರೆ ಫ್ಲ್ಯಾಟಿಗೇ ಹೋಗೋಣ."

"ಆಮೇಲೆ ಮಾತು ತಿರುಗಿಸಬಾರದು."

"ತಿರುಗಿಸಲ್ಲ."

ಮರುದಿನವೇ ಕೆಲಸ ಶುರುವಾಯಿತು. ಹಳೆಯ ಗಿಲಾವು ಕೆರೆದರು. ನೆಲದ ಸಿಮೆಂಟನ್ನು ಉಜ್ಜಿಸಿ, ಅಲ್ಲಲ್ಲಿ ಬಿರುಕು ತುಂಬಿಸಿ, ಮೇಣ ತಿಕ್ಕಿಸಿ, ನೀರು ಚೆಲ್ಲಿದ ಹಾಗೆ ಹೊಳೆಯುವಂತೆ ಮಾಡಿದರು. ಬಾಗಿಲ ಎದುರಿನ ಗೋಡೆಗೆ ಹಸಿರೂ ಅಲ್ಲದ ಬೂದಿಯೂ ಅಲ್ಲದ ಒಂದು ಬಣ್ಣ ಬಂತು. ಬೆಳಿಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ ಕಾಣುವ ಬಣ್ಣ. ಅದೇ ಗೋಡೆಯಲ್ಲಿ ಗೂಡು ತೋಡಿ, ಕಣ್ಣಿಗೆ ಬೀಳದಂತೆ ದೀಪದ ಪಟ್ಟಿ ಕೂರಿಸಿದರು. ಬೆತ್ತದ ಲಾಂದ್ರ, ತೇಗದ ಕಾಲಿನ ಮೇಜು, ಆ ಗೋಡೆಗೇ ಒರಗಿದ ತೆಳು ಹಳದಿ ಸೋಫಾ ಬಂದವು. ಎಡಪಕ್ಕಕ್ಕೆ ಎತ್ತರದ ಒಂದು ಶೆಲ್ಫ್ ನಿಂತಿತು. ಪುಸ್ತಕಗಳಿಗೆ ಈ ಸಲ ಹಾಳೆಗಳಿದ್ದವು.

ಇದೆಲ್ಲ ಶುರುವಾಗುವ ಮೊದಲು ಅವರು ಮಾಡಿದ ಒಂದು ಕೆಲಸವನ್ನು ಆಗ ಯಾರೂ ಗಮನಿಸಲಿಲ್ಲ. ಅವರಿಗೂ ಅದು ನೆನಪಿಡುವಂಥದ್ದು ಅನ್ನಿಸಿರಲಿಲ್ಲ. ಜೇಬಿನಿಂದ ಸೀಮೆಸುಣ್ಣ ತೆಗೆದು, ಮುಂಬಾಗಿಲ ಹೊಸ್ತಿಲ ಒಳಗೆ ಒಂದು ಗೆರೆ ಎಳೆದಿದ್ದರು.

ಕೋಣೆ ಮುಗಿದ ದಿನ ಮಗಳು ಬಾಗಿಲಲ್ಲಿ ನಿಂತು ಫೋನಿನಲ್ಲಿ ಚಿತ್ರ ತೆಗೆದಳು. ಗೆಳತಿಯರಿಗೆ ಕಳಿಸಿದಳು. ಗೆಳತಿಯರು ಅವರವರ ಅಮ್ಮಂದಿರಿಗೆ ತೋರಿಸಿದರು. ವಾರದೊಳಗೆ ಅದು ಸುತ್ತಿ ಬಳಸಿ ಮಳಿಗೆಯ ಮಾಲೀಕರ ಫೋನಿಗೇ ಬಂತು. "ಇದು ಯಾರ ಕೈಚಳಕ, ವಿಚಾರಿಸಿ, ಅವರನ್ನ ನಾವು ಎಳ್ಕೊಳ್ಳೋಣ," ಎಂದು ಅವರು ಮೇಷ್ಟ್ರಿಗೇ ಹೇಳಿದರು. ಸಂಗತಿ ತಿಳಿದ ಮೇಲೆ ಆ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಮೆಟ್ಟಿಲ ಬಳಿ ತೂಗುಹಾಕಿದರು.

ನೋಡಲು ಬಂದವರು ಬಹಳ ಮಂದಿ. ಭಾವಮೈದುನನೂ ಬಂದ. ಹೊಸ್ತಿಲ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತು ಮೇಲಿಂದ ಕೆಳಗೆ ನೋಡಿದ.

"ಭಾವ, ಟಿಕೆಟ್ ಎಷ್ಟು ಇಟ್ಟಿದೀರಿ?"

"ಮನೆಯವರಿಗೆ ಫ್ರೀ. ಒಳಗೆ ಬಾ."

"ಬಂದ್ರೆ ಏನಾದ್ರೂ ಒಡೆದು ಹೋದೀತು," ಎನ್ನುತ್ತ ಅವನು ಗೋಡೆಯ ಪಕ್ಕದಲ್ಲೇ ಸರಿದು, ಸೀದಾ ಅಡುಗೆಮನೆಗೆ ಹೋಗಿ ಅಕ್ಕನ ಬಳಿ ನೆಲದ ಮೇಲೆ ಕೂತ.

ಉಳಿದವರೂ ಹೀಗೇ ಮಾಡಿದರು. ಬಾಗಿಲಲ್ಲಿ ನಿಂತು ಹೊಗಳಿದರು, ಸೋಫಾದ ತುದಿಯಲ್ಲಿ ಒಂದು ನಿಮಿಷ ಕೂತರು, ಏನೋ ನೆನಪಾದವರಂತೆ ಎದ್ದು ಒಳಗೆ ನಡೆದರು. ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ, ಮುಂದಿನ ಕೋಣೆಯಲ್ಲಿ ದೀಪ ಮಾತ್ರ.

ಹೆಂಡತಿ ಬಾಯ್ತುಂಬ ಹೊಗಳಿದ್ದರು. ಹೊಗಳಿಕೆ ನಿಜವಾಗಿಯೇ ಇತ್ತು. ಸಂಜೆ ಪಾರ್ಲರಿನಿಂದ ಬಂದವರು ಚಪ್ಪಲಿ ಬಿಟ್ಟು, ಗಂಡನ ಮುಖ ನೋಡಿ, ಸೋಫಾದ ಮೇಲೆ ಕೂರುತ್ತಿದ್ದರು. ಪರರ ಮನೆಗೆ ಬಂದವರ ಹಾಗೆ, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು. ಐದು ನಿಮಿಷ ಆಗುತ್ತಿರಲಿಲ್ಲ. "ಒಲೆ ಮೇಲೆ ಹಾಲಿಟ್ಟಿದ್ದೆ," ಎಂದು ಏಳುತ್ತಿದ್ದರು. ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ ಸ್ಟೂಲು ಎಳೆದ ಸದ್ದು ಕೇಳುತ್ತಿತ್ತು.

ಆ ಸದ್ದು ಮೇಷ್ಟ್ರ ನಿದ್ದೆ ಕೆಡಿಸಿತು. ಮೆತ್ತೆ ಗಟ್ಟಿಯಾಯಿತೇನೋ ಎಂದು ಮೆತ್ತೆ ಬದಲಿಸಿದರು. ಬೆಳಕು ಚುಚ್ಚುತ್ತದೇನೋ ಎಂದು ಬಲ್ಬು ಬದಲಿಸಿದರು. ಕಾಲಿಡಲು ಮಣೆ ತಂದರು, ಬೆನ್ನಿಗೆ ದಿಂಬು ತಂದರು. ಪ್ರತಿ ಸಲವೂ ಗೆರೆ ಇದ್ದ ಜಾಗದಲ್ಲಿ ನಿಂತು, ಒಂದು ಕಣ್ಣು ಮುಚ್ಚಿ ನೋಡಿದರು. ಕೋಣೆಯಲ್ಲಿ ಕೊರತೆ ಕಾಣಲಿಲ್ಲ. ಬೇಸಿಗೆ ಮುಗಿಯುತ್ತ ಬಂತು. ಫ್ಲ್ಯಾಟಿನ ಯಜಮಾನರು ಬರುವ ವಾರ ಬರುತ್ತಾರೆಂದು ಭಾವಮೈದುನ ಫೋನ್ ಮಾಡಿದ. ಮಾತು ಕೊಟ್ಟಾಗಿತ್ತು. ಮೇಷ್ಟ್ರು ಮಳಿಗೆಯಲ್ಲಿ ಒಂದು ಮಲಗುವ ಕೋಣೆ ಬಿಚ್ಚುತ್ತಿದ್ದವರು, ಸ್ಕ್ರೂಡ್ರೈವರ್ ಕೈಯಲ್ಲೇ ಹಿಡಿದು ಮಂಚದ ಮೇಲೆ ಸುಮ್ಮನೆ ಕೂತುಬಿಟ್ಟರಂತೆ.

ಪಾರ್ಲರಿಗೆ ರಜೆ ಇರುವ ದಿನ ಗಂಡನ ಕೂದಲು ಕತ್ತರಿಸುವುದು ಆ ಮನೆಯ ರೂಢಿ. ಹಿತ್ತಿಲಲ್ಲಿ ಕುರ್ಚಿ ಹಾಕಿ, ಕುತ್ತಿಗೆಗೆ ಬಟ್ಟೆ ಕಟ್ಟಿ, ಗಿರಾಕಿಗಳಿಗೆ ಮಾಡುವಂತೆಯೇ ಎಲ್ಲವನ್ನೂ ಮಾಡುತ್ತಾರೆ. ಕೊನೆಗೆ ಕೈಗನ್ನಡಿಯನ್ನು ತಲೆಯ ಹಿಂದೆ ಹಿಡಿಯುತ್ತಾರೆ. ಎದುರಿನ ಗೋಡೆಗೆ ಮೊಳೆ ಹೊಡೆದ ಕನ್ನಡಿಯಲ್ಲಿ ಅವರು ತಮ್ಮ ಹಿಂದಲೆ ನೋಡಿಕೊಳ್ಳಬೇಕು. ಮೇಷ್ಟ್ರು ಎಂದೂ ನೋಡಿಕೊಂಡವರಲ್ಲ. ನೋಡುವ ಮೊದಲೇ ತಲೆಯಾಡಿಸುತ್ತಾರೆ. ಆ ವಾರದ ರಜೆಯ ದಿನವೂ ಆಡಿಸಿದರು.

"ನೋಡದೇನೇ ಚೆನ್ನಾಗಿದೆ ಅಂದ್ರೆ ಹೇಗೆ?" ಎಂದರು ಹೆಂಡತಿ.

"ಹಿಂದೆ ಯಾರು ನೋಡ್ತಾರೆ ಬಿಡು."

"ನಾನು ನೋಡ್ತೀನಿ. ಬನ್ನಿ ಇಲ್ಲಿ, ನಿಮಗೊಂದು ತೋರಿಸ್ಬೇಕು."

ಕುತ್ತಿಗೆಯ ಬಟ್ಟೆಯನ್ನೂ ಬಿಚ್ಚದೆ ಅವರನ್ನು ಕರೆದುಕೊಂಡು ಹೋಗಿ ಸೋಫಾದ ನಡುವೆ ಕೂರಿಸಿದರು. ಕೂದಲಿನ ಚೂರುಗಳು ಹಳದಿ ಬಟ್ಟೆಯ ಮೇಲೆ ಉದುರಿದವು. ಮೇಷ್ಟ್ರು ಕೊಡವಲು ಕೈ ಎತ್ತಿದರು.

"ಅದನ್ನ ಆಮೇಲೆ ಒರೆಸೋಣ. ಎದುರಿಗೆ ಏನು ಕಾಣುತ್ತೆ ಹೇಳಿ."

ಮೇಷ್ಟ್ರು ನೋಡಿದರು. ಎದುರಿಗೆ ವಿದ್ಯುತ್ ಮೀಟರಿನ ಪೆಟ್ಟಿಗೆ, ಅದರಿಂದ ಇಳಿಬಿದ್ದ ವೈರುಗಳ ಗಂಟು. ಕೆಳಗೆ ಚಪ್ಪಲಿಗಳ ಸಾಲು. ಪಕ್ಕದಲ್ಲಿ ಬಾತ್‌ರೂಮಿನ ಬಾಗಿಲು, ಅದರ ಮೇಲೆ ಹರವಿದ ಒದ್ದೆ ಕಾಲೊರೆಸು. ಶೆಲ್ಫಿನ ಈ ಕಡೆಯ ಮಗ್ಗುಲಿಗೆ ಬಣ್ಣವಿಲ್ಲ, ಬರಿ ಪ್ಲೈವುಡ್ಡು, ಸ್ಕ್ರೂಗಳ ತಲೆ. ಬೆತ್ತದ ಲಾಂದ್ರದ ಚಂದದ ಹೆಣಿಗೆ ಬಾಗಿಲ ಕಡೆಗಿತ್ತು, ತೆರೆದ ಬದಿ ಇವರ ಕಡೆಗೆ. ಬಲ್ಬು ನೇರವಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಇವೆಲ್ಲದರ ಪಕ್ಕದಲ್ಲಿ ತೆರೆದ ಮುಂಬಾಗಿಲು. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರು ಒಳಗೆ ಇಣುಕಿ, ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡು ಕೂತ ಮನುಷ್ಯನನ್ನು ನೋಡಿ, ನಗು ತಡೆದುಕೊಂಡು ಮುಂದೆ ಹೋದರು.

ಆ ಗೋಡೆಯನ್ನು ಮೇಷ್ಟ್ರು ನೋಡಿಯೇ ಇರಲಿಲ್ಲ. ಗೆರೆಯ ಮೇಲೆ ನಿಂತವರಿಗೆ ಅದು ಬೆನ್ನ ಹಿಂದೆ ಉಳಿಯುತ್ತದೆ.

"ಎಲ್ಲಾ ಆ ಕಡೆ ಮುಖ ಮಾಡಿವೆ," ಎಂದರು ಅವರು.

"ನಾನೂ ಸೇರಿ," ಎಂದರು ಹೆಂಡತಿ. "ಸಾಮಾನಿನ ಜೊತೆ ನಾನೂ ಒಂದು ಸಾಮಾನು. ಯಾರು ಬಂದ್ರೂ ಮೊದಲು ನನ್ನ ನೋಡ್ತಾರೆ."

"ಮೊದಲೇ ಹೇಳಬಾರದಾಗಿತ್ತಾ?"

"ಏನಂತ ಹೇಳ್ಲಿ? ಕೂತ್ರೆ ಏಳ್ಬೇಕು ಅನ್ಸೋದು, ಅಷ್ಟೇ. ಯಾಕೆ ಅಂತ ನನಗೂ ಗೊತ್ತಿರ್ಲಿಲ್ಲ. ನಿನ್ನೆ ಪಾರ್ಲರಲ್ಲಿ ಕನ್ನಡಿ ಮೇಲಿನ ದೀಪ ಹೋಗಿತ್ತು. ಬೆಳಕಿಗೆ ಅಂತ ಒಬ್ಬಳ ಕುರ್ಚಿನ ಬಾಗಿಲ ಕಡೆ ತಿರುಗಿಸ್ದೆ. ಪಾಪ, ಯಾರು ಹಾದುಹೋದ್ರೂ ಬೆಚ್ಚಿ ಬೀಳ್ತಿದ್ಳು. ಯಾವಾಗ ಮುಗಿಯುತ್ತೆ, ಯಾವಾಗ ಮುಗಿಯುತ್ತೆ ಅಂತ ಕೇಳೋದೇ ಕೇಳೋದು. ಆಗ ತಲೆಗೆ ಹೋಯ್ತು."

ಮಗಳು ಒಳಗಿನಿಂದ ಬಂದವಳು ಇಬ್ಬರನ್ನೂ ನೋಡಿದಳು. "ಅಪ್ಪ ಅಲ್ಲಿ ಕೂತಿದ್ದು ಇದೇ ಫಸ್ಟ್ ಅಲ್ವಾ?" ಎಂದಳು.

ಮೇಷ್ಟ್ರು ಯೋಚಿಸಿದರು. ಮಗಳ ಮಾತು ನಿಜವಾಗಿತ್ತು. ಮೆತ್ತೆಯನ್ನು ಕೈಯಲ್ಲಿ ಒತ್ತಿ ನೋಡಿದ್ದರು, ಮೊಣಕಾಲು ಊರಿ ನೋಡಿದ್ದರು. ಕೂತಿರಲಿಲ್ಲ.

ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ. ಅವರ ಮೊದಲ ಉಪಾಯ, ಆ ಗೋಡೆಯ ತುಂಬ ಒಂದು ದೊಡ್ಡ ಕನ್ನಡಿ. ಇಕ್ಕಟ್ಟಾದ ಕೋಣೆ ಅಗಲವಾಗಿ ಕಾಣಲು ಮಳಿಗೆಯಲ್ಲಿ ಮಾಡುವುದೇ ಅದನ್ನು.

"ದಿನವಿಡೀ ಕನ್ನಡಿ ಮುಂದೆ ನಿಲ್ಲೋಳಿಗೆ ಮನೇಲೂ ಕನ್ನಡಿನಾ? ಬೇಕಾದ್ರೆ ಪಾರ್ಲರಿನ ಬೋರ್ಡೂ ತಂದು ಹಾಕಿ," ಎಂದರು ಹೆಂಡತಿ.

ಆಮೇಲೆ ನಡೆದದ್ದನ್ನು ಆ ಬೀದಿಯವರು ಈಗಲೂ ಹೇಳಿ ನಗುತ್ತಾರೆ. ಸಾಮಾನನ್ನೆಲ್ಲ ಒಂದು ಮೂಲೆಗೆ ತಳ್ಳಿ, ಖಾಲಿಯಾದ ಬಣ್ಣದ ಡಬ್ಬಗಳನ್ನು ಬೋರಲು ಹಾಕಿ, ಗಂಡ ಹೆಂಡತಿ ಅಕ್ಕಪಕ್ಕ ಕೂತರು. ಒಂದು ಜಾಗದಲ್ಲಿ ಸ್ವಲ್ಪ ಹೊತ್ತು, ಎದ್ದು ಇನ್ನೊಂದು ಜಾಗದಲ್ಲಿ ಸ್ವಲ್ಪ ಹೊತ್ತು. ಕಿಟಕಿಯಿಂದ ನೋಡಿದವರಿಗೆ, ಬಾರದ ಬಸ್ಸಿಗೆ ಕಾಯುತ್ತ ನಿಲ್ದಾಣ ಬದಲಾಯಿಸುವವರ ಹಾಗೆ ಕಂಡರು. ಕೊನೆಗೆ ಒಂದು ಕಡೆ ಕೂತಾಗ ಹೆಂಡತಿ ಮಾತು ನಿಲ್ಲಿಸಿದರು. ಮೇಷ್ಟ್ರು "ಇಲ್ಲಿ?" ಎಂದರು. ತಿರುಗಿ ನೋಡಿದರೆ ಆಕೆ ಕಿಟಕಿಯಾಚೆ ನೋಡುತ್ತಿದ್ದರು. ಬೀದಿಯ ತಿರುವು, ಸೈಕಲ್ ರಿಪೇರಿಯವನು ಸಾಲಾಗಿ ತೂಗುಹಾಕಿದ ಟೈರುಗಳು, ಪಕ್ಕದ ಮನೆಯ ಕಾಂಪೌಂಡನ್ನು ಏರಿ ಈ ಕಡೆ ಇಳಿಬಿದ್ದ ಬಳ್ಳಿ. ಅಂಥ ನೋಟವೇನಲ್ಲ. ಮಳಿಗೆಯಲ್ಲಿ ಟ್ಯೂಬ್‌ಲೈಟಿನ ಮುಂದಿನ ಮರದ ಚಿತ್ರ ಇದಕ್ಕಿಂತ ಚಂದ. ಆದರೆ ಬಳ್ಳಿ ಗಾಳಿಗೆ ಅಲುಗುತ್ತಿತ್ತು.

ತೊಂದರೆ ಒಂದೇ. ಅಲ್ಲಿ ಕಿಟಕಿಗೆ ಮುಖಮಾಡಿ ಓರೆಯಾಗಿ ಸೋಫಾ ಇಟ್ಟರೆ ಅದರ ಬೆನ್ನು ಮುಂಬಾಗಿಲಿಗೆ ಬರುತ್ತದೆ. ಬಂದವರಿಗೆ ಮೊದಲು ಕಾಣುವುದು ಸೋಫಾದ ಹಿಂಬದಿ. ಮಳಿಗೆಯಲ್ಲಿ ಯಾರಾದರೂ ಹಾಗೆ ಇಟ್ಟಿದ್ದರೆ ಮೇಷ್ಟ್ರು ಅವರನ್ನು ಮಹಡಿ ಇಳಿಸಿ ಕಳಿಸುತ್ತಿದ್ದರು.

ಇಟ್ಟರು. ಶೆಲ್ಫನ್ನು ಅಡ್ಡಲಾಗಿ ನಿಲ್ಲಿಸಿ ಮೀಟರ್ ಪೆಟ್ಟಿಗೆಗೂ ಚಪ್ಪಲಿಗಳಿಗೂ ಮರೆ ಮಾಡಿದರು, ಅದರ ಬರಿಮೈಗೆ ಬಣ್ಣ ಹಚ್ಚಿದರು. ಬಡಗಿಯನ್ನು ಕರೆಸಿ ಕೀಲು ಬದಲಿಸಿ, ಬಾತ್‌ರೂಮಿನ ಬಾಗಿಲು ಅಡುಗೆಮನೆಯ ಕಡೆಗೆ ತೆರೆಯುವಂತೆ ಮಾಡಿದರು. ಲಾಂದ್ರ ಕೂತವರ ಭುಜದ ಹಿಂದಕ್ಕೆ ಇಳಿಯಿತು. ಹಸಿರು ಬೂದಿ ಗೋಡೆ ಈಗ ಪಕ್ಕಕ್ಕೆ ಬಂತು. ಕತ್ತು ಹೊರಳಿಸಿದರೆ ಕಾಣುತ್ತದೆ, ಇಲ್ಲದಿದ್ದರೆ ತನ್ನ ಪಾಡಿಗೆ ಇರುತ್ತದೆ. ಹೊಸ್ತಿಲ ಬಳಿ ಉಳಿದಿದ್ದ ಗೆರೆಯ ಗುರುತನ್ನು ಮೇಷ್ಟ್ರು ಒದ್ದೆ ಬಟ್ಟೆಯಲ್ಲಿ ತಾವೇ ಒರೆಸಿದರು.

ಮಗಳು ಬಾಗಿಲಲ್ಲಿ ನಿಂತು ಫೋನ್ ಎತ್ತಿ, ಇಳಿಸಿದಳು. "ಇದು ಫೋಟೋಗೆ ಬರಲ್ಲಪ್ಪ. ಬರೀ ಸೋಫಾದ ಬೆನ್ನು."

"ಬರದಿದ್ರೆ ಬೇಡ," ಎಂದರು ಮೇಷ್ಟ್ರು. ಆದರೆ ಅವರ ಕಣ್ಣು ಆ ಕಪ್ಪು ಬಟ್ಟೆಯ ಮೇಲೇ ಇತ್ತು. ಮರುದಿನ ಮಳಿಗೆಯಿಂದ ಬರುವಾಗ ಹೊಂದುವ ಹಳದಿ ಬಟ್ಟೆ, ಮೊಳೆ, ಸುತ್ತಿಗೆ ತಂದರು. ಸೋಫಾವನ್ನು ಸ್ವಲ್ಪ ಜರುಗಿಸಿ ಬಟ್ಟೆ ಹೊಡೆದರೆ ಅರ್ಧ ಗಂಟೆಯ ಕೆಲಸ.

ಹೆಂಡತಿ ಆಗಲೇ ಪಾರ್ಲರಿನಿಂದ ಬಂದಿದ್ದರು. ಸೋಫಾದ ಮೇಲೆ, ಕಾಲೆತ್ತಿ ಮಣೆಯ ಮೇಲಿಟ್ಟು ಕೂತಿದ್ದರು. ಚೀಲ ತೊಡೆಯ ಮೇಲಿರಲಿಲ್ಲ, ನೆಲದ ಮೇಲೆ ಬಿದ್ದಿತ್ತು.

"ಸ್ವಲ್ಪ ಏಳು, ಹಿಂದೆ ಬಟ್ಟೆ ಹೊಡೀತೀನಿ," ಎಂದರು ಮೇಷ್ಟ್ರು.

"ಆಮೇಲೆ ಹೊಡೀರಿ."

ಆಮೇಲೆ ಊಟದ ಹೊತ್ತಾಯಿತು. ಮರುದಿನ ಸಂಜೆಯೂ "ಆಮೇಲೆ" ಎಂದರು. ಅದರ ಮರುದಿನ ಏನನ್ನೂ ಹೇಳಲಿಲ್ಲ, ನಿದ್ದೆ ಹೋಗಿದ್ದರು.

ಫ್ಲ್ಯಾಟಿನ ಯಜಮಾನರು ಊರಿಗೆ ಬಂದಾಗ ಭಾವಮೈದುನ ಖುದ್ದಾಗಿ ಬಂದ. ಹೊಸ್ತಿಲಲ್ಲಿ ನಿಂತು ಕಪ್ಪು ಬೆನ್ನನ್ನು ನೋಡಿದ.

"ಇದೇನು ಭಾವ, ಷೋ ಮುಗೀತಾ? ಸೀಟೆಲ್ಲ ಆ ಕಡೆ ತಿರುಗಿವೆ."

ಸೋಫಾದ ಆಚೆಯಿಂದ ಅಕ್ಕನ ದನಿ ಬಂತು: "ನಿಂತ್ಕೊಂಡು ಮಾತಾಡ್ಬೇಡ. ಬಂದು ಕೂತ್ಕೋ."

ಅವನು ಸುತ್ತಿ ಬಳಸಿ ಬಂದು ಅಕ್ಕನ ಪಕ್ಕದಲ್ಲಿ ಕೂತ. ಫ್ಲ್ಯಾಟಿನ ಮಾತು ತೆಗೆದ. ಬಾಲ್ಕನಿ, ಗಾಳಿ, ಲಿಫ್ಟು ಎಲ್ಲವನ್ನೂ ಮತ್ತೊಮ್ಮೆ ಹೇಳಿದ. ಮೇಷ್ಟ್ರು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿಸಿಕೊಂಡರು. ಹೇಳುತ್ತ ಹೇಳುತ್ತ ಭಾವಮೈದುನನ ಮಾತು ನಿಧಾನವಾಯಿತು. ಅವನೂ ಒರಗಿದ. ಸೈಕಲ್ ರಿಪೇರಿಯವನು ಒಂದು ಟೈರನ್ನು ಕೆಳಗಿಳಿಸಿ, ತಟ್ಟಿ ನೋಡಿ, ಮತ್ತೆ ಅದೇ ಮೊಳೆಗೆ ತೂಗುಹಾಕುವುದನ್ನು ಇಬ್ಬರೂ ನೋಡಿದರು.

"ಅವರಿಗೆ ಏನು ಹೇಳ್ಲಿ ಅಕ್ಕಾ?"

"ಬೇರೆಯವರಿಗೆ ಕೊಡೋಕೆ ಹೇಳು. ನಮಗೋಸ್ಕರ ಕಾಯೋದು ಬೇಡ."

"ಬಾಲ್ಕನಿ..."

"ನಿನ್ನ ಬಾಲ್ಕನಿ ಇದೆಯಲ್ಲ. ಬಂದಾಗ ಕೂರ್ತೀನಿ."

ಮೇಷ್ಟ್ರು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟರು. ಈ ಸಲ ಒಲೆಯ ಮೇಲೆ ನಿಜವಾಗಿಯೂ ಏನೋ ಇತ್ತು.

ಮಳಿಗೆಯಲ್ಲಿ ಈಗಲೂ ಮೂರೇ ಗೋಡೆ, ಈಗಲೂ ಗೆರೆ. ಅಲ್ಲಿ ಬರುವವರು ನಿಂತು ನೋಡುವವರು, ಅದು ಬದಲಾಗುವುದಿಲ್ಲ. ಆದರೆ ಕೋಣೆ ಮುಗಿದ ಮೇಲೆ ಮೇಷ್ಟ್ರು ಒಳಗೆ ಹೋಗಿ ಅಲ್ಲಿರುವ ಪ್ರತಿ ಆಸನದಲ್ಲೂ ಸ್ವಲ್ಪ ಹೊತ್ತು ಕೂರುತ್ತಾರೆ. "ಕಾಲು ನೋವಾ ಮೇಷ್ಟ್ರೇ?" ಎಂದು ಮಾಲೀಕರು ಕೇಳಿದರೆ "ಹೂಂ" ಎನ್ನುತ್ತಾರೆ. ಮೆಟ್ಟಿಲ ಬಳಿ ಆ ಹಳೆಯ ಚಿತ್ರ ಹಾಗೇ ಇದೆ. ಅಂಥದ್ದೇ ಕೋಣೆ ಬೇಕು ಎಂದು ಗಿರಾಕಿಗಳು ಕೇಳುತ್ತಾರೆ. ಮೇಷ್ಟ್ರು ಮೊದಲು ಅವರಿಗೊಂದು ಕುರ್ಚಿ ಎಳೆದು ಕೊಡುತ್ತಾರೆ. "ಮನೇಲಿ ನೀವು ಎಲ್ಲಿ ಕೂರ್ತೀರಿ, ಅಲ್ಲಿಂದ ಏನು ಕಾಣುತ್ತೆ ಹೇಳಿ," ಎನ್ನುತ್ತಾರೆ. ಬಹಳಷ್ಟು ಜನ ತಡವರಿಸುತ್ತಾರೆ.

ಹಳದಿ ಬಟ್ಟೆ ಮಡಿಸಿದ ಹಾಗೇ ಶೆಲ್ಫಿನ ಕೆಳಗಿನ ಖಾನೆಯಲ್ಲಿದೆ, ಅದರ ಮೇಲೆ ಸುತ್ತಿಗೆ. ಬಟ್ಟೆ ಹೊಡೆಯಲು ಸೋಫಾ ಖಾಲಿ ಸಿಗಬೇಕು, ಮೇಷ್ಟ್ರು ಮನೆಯಲ್ಲಿರುವ ಹೊತ್ತಿಗೆ ಅದು ಖಾಲಿ ಇರುವುದಿಲ್ಲ. ಸಂಜೆ ಆ ಮನೆಯ ಬಾಗಿಲು ತಟ್ಟಿದವರಿಗೆ ಮೊದಲು ಕಾಣುವುದು ಅಗ್ಗದ ಕಪ್ಪು ಬಟ್ಟೆಯ ಒಂದು ಬೆನ್ನು, ಅದರ ಮೇಲೆ ಒಂದು ತುರುಬು. ತುರುಬು ತಿರುಗುವುದಿಲ್ಲ. "ಬನ್ನಿ, ಈ ಕಡೆಯಿಂದ ಬನ್ನಿ," ಎನ್ನುತ್ತದೆ.